ಬಚ್ಚಲುಮನೆಯ ಕಾಣದ ಹೊಗೆ

ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯನ್ನು ಬಿಸಿಲ ನಾಡೆಂದು ಕರೆಯುವುದು ವಾಡಿಕೆ. ವೈಶಾಖ ಮಾಸದಲ್ಲಿ ಮಾಳಿಗೆಯ ಮೇಲಿನ ತೊಟ್ಟಿಯ ನೀರು ತಾನಾಗಿಯೇ ಕಾದು ಕೈ ಸುಡುವ ಈ ಊರುಗಳಲ್ಲಿ ನೀರು ಕಾಯಿಸುವ ಯಂತ್ರದ ಮಾತೇಕೆ ಎಂದು ಹೊರಗಿನವರು ನಗಬಹುದು. ಪುಷ್ಯ ಮಾಸದ ಬೆಳಗಿನ ಜಾವದಲ್ಲಿ ಭೀಮಾ ನದಿಯ ಮೇಲಿನಿಂದ ಬೀಸುವ ಗಾಳಿಗೆ ಮೈಯೊಡ್ಡಿ ತಣ್ಣೀರು ಸುರಿದುಕೊಂಡವರು ಮಾತ್ರ ನಗಲಾರರು. ಮಕರ ಸಂಕ್ರಾಂತಿಗೆ ಮೈಲಾಪುರದ ಮೈಲಾರಲಿಂಗನ ಜಾತ್ರೆ ಕೂಡುತ್ತದೆ. ಆಗ ಯಾದಗಿರಿಯ ವಸತಿಗೃಹಗಳಲ್ಲಿ ಒಂದೊಂದು ಕೋಣೆಗೆ ಒಂದೊಂದು ಸಂಸಾರ ಬಂದಿಳಿಯುತ್ತದೆ. ಮುದುಕರು, ಮಕ್ಕಳು, ಬಾಣಂತಿಯರು ಎಲ್ಲರಿಗೂ ಬೆಳಗಿನ ಐದು ಗಂಟೆಗೇ ಬಿಸಿನೀರಿನ ಜಳಕವಾಗಬೇಕು. ಚಳಿಯೆಂದು ಬಚ್ಚಲಿನ ಕಿಟಕಿಯನ್ನು ಭದ್ರವಾಗಿ ಮುಚ್ಚಿ, ಒಬ್ಬರಾದ ಮೇಲೊಬ್ಬರು ಒಳಹೊಕ್ಕು ಅಗಳಿ ಹಾಕಿಕೊಳ್ಳುತ್ತಾರೆ. ಆ ಬಚ್ಚಲಿನ ಗೋಡೆಯಲ್ಲಿ ಅನಿಲದ ಗೀಸರೊಂದು ತೂಗುತ್ತಿದ್ದರೆ, ವಸತಿಗೃಹದ ಯಜಮಾನನು ಅಂದು ನೆಮ್ಮದಿಯಿಂದ ನಿದ್ರಿಸುವುದು ಉಚಿತವಲ್ಲ.

ಈ ಸೀಮೆಯ ಹಳೆಯ ಮನೆಗಳಲ್ಲಿ ನೀರು ಕಾಯುತ್ತಿದ್ದುದು ತಾಮ್ರದ ಹಂಡೆಯಲ್ಲಿ. ಹೊಲದಿಂದ ತಂದ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆಗಳೇ ಅದರ ಉರುವಲು. ಹೊಗೆಯೇನೋ ಬೇಕಾದಷ್ಟು ಏಳುತ್ತಿತ್ತು. ಕಣ್ಣು ಉರಿಯುತ್ತಿತ್ತು, ಕೆಮ್ಮು ಬರುತ್ತಿತ್ತು. ಆ ಹೊಗೆಯೇ ಕಾವಲುಗಾರನೂ ಆಗಿತ್ತೆಂಬುದು ಆಗ ಯಾರಿಗೂ ಹೊಳೆದಿರಲಿಲ್ಲ. ಉಸಿರು ಕಟ್ಟಿದವರು ತಾವಾಗಿಯೇ ಬಾಗಿಲು ತೆರೆದು ಹೊರಗೋಡುತ್ತಿದ್ದರು. ಮಾಳಿಗೆಯಲ್ಲಿ ಬೆಳಕಿಂಡಿಯೊಂದು ಸದಾ ತೆರೆದಿರುತ್ತಿತ್ತು. ಅನಿಲದ ಜ್ವಾಲೆಗೆ ಮಸಿಯಿಲ್ಲ, ಕಮಟಿಲ್ಲ, ನೋಡಲು ಸೊಗಸು. ಅದು ಕೆಟ್ಟಾಗ ಹೊರಬೀಳುವ ವಿಷಕ್ಕೂ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮನ್ನೂ ತರಿಸದು.

‘ಗೀಸರ್’ ಎಂಬ ಹೆಸರು ಬಂದದ್ದು ದೂರದ ಐಸ್‌ಲೆಂಡಿನಿಂದ. ಅಲ್ಲಿ ನೆಲದೊಳಗಿಂದ ಬಿಸಿನೀರು ಚಿಮ್ಮುವ ‘ಗೈಸಿರ್’ ಎಂಬ ಬುಗ್ಗೆಯೊಂದುಂಟು. 1868ರಲ್ಲಿ ಲಂಡನ್ನಿನ ಬೆಂಜಮಿನ್ ವ್ಯಾಡಿ ಮಾಮ್ ಎಂಬಾತನು ಅನಿಲದ ಉರಿಯಿಂದ ಕ್ಷಣದಲ್ಲಿ ನೀರು ಕಾಯಿಸುವ ಸಾಧನವನ್ನು ರಚಿಸಿ ಅದಕ್ಕೆ ಆ ಹೆಸರನ್ನಿಟ್ಟನು. ವೃತ್ತಿಯಿಂದ ಆತನು ಬಣ್ಣಗಾರ. ಆತನ ಯಂತ್ರಕ್ಕೆ ದಹನದ ಅನಿಲಗಳನ್ನು ಹೊರಗೊಯ್ಯುವ ಕೊಳವೆಯೇ ಇರಲಿಲ್ಲ. ನೂರೈವತ್ತು ವರ್ಷಗಳು ಕಳೆದರೂ ನಮ್ಮ ಊರುಗಳಲ್ಲಿ ಅದೇ ಕೊರತೆಯೊಡನೆ ಗೀಸರುಗಳನ್ನು ಗೋಡೆಗೆ ತಗುಲಿಸುತ್ತಿರುವುದು ವಿಷಾದದ ಸಂಗತಿ.

ಇಷ್ಟಕ್ಕೂ ಅಪಾಯವೆಲ್ಲಿದೆ? ಒಂದು ಸಣ್ಣ ಲೆಕ್ಕ ಹಾಕಿದರೆ ತಿಳಿಯುತ್ತದೆ. ನಿಮಿಷಕ್ಕೆ ಆರು ಲೀಟರ್ ನೀರು ಕಾಯಿಸುವ ಸಾಧಾರಣ ಗೀಸರು ಹತ್ತು ನಿಮಿಷಗಳಲ್ಲಿ ಸುಮಾರು 150 ಗ್ರಾಂ ಅನಿಲವನ್ನು ಉರಿಸುತ್ತದೆ. ಒಂದು ಕಿಲೋಗ್ರಾಂ ಅನಿಲ ಪೂರ್ಣವಾಗಿ ಉರಿಯಬೇಕಾದರೆ ಹನ್ನೆರಡು ಘನ ಮೀಟರಿನಷ್ಟು ಗಾಳಿ ಬೇಕು. ಎಂದರೆ ಹತ್ತು ನಿಮಿಷದ ಒಂದು ಜಳಕಕ್ಕೆ ಸುಮಾರು ಎರಡು ಘನ ಮೀಟರ್ ಗಾಳಿ ವ್ಯಯವಾಯಿತು. ಐದು ಅಡಿ ಅಗಲ, ಏಳು ಅಡಿ ಉದ್ದ, ಎಂಟು ಅಡಿ ಎತ್ತರದ ಬಚ್ಚಲಿನಲ್ಲಿರುವ ಗಾಳಿಯೇ ಎಂಟು ಘನ ಮೀಟರು. ಕಿಟಕಿ ಬಾಗಿಲು ಮುಚ್ಚಿದ್ದರೆ ಒಬ್ಬನ ಜಳಕ ಮುಗಿಯುವಷ್ಟರಲ್ಲಿ ಕೋಣೆಯ ಆಮ್ಲಜನಕದ ಕಾಲು ಭಾಗ ತೀರಿಹೋಯಿತೆಂದಾಯಿತು. ಶೇಕಡಾ 21ರಷ್ಟಿದ್ದುದು 16ರ ಹತ್ತಿರಕ್ಕೆ ಇಳಿಯಿತು. ಒಳಗಿರುವ ಮನುಷ್ಯನಿಗೆ ಅಷ್ಟರಿಂದಲೇ ಪ್ರಾಣಾಪಾಯ ಒದಗದಿರಬಹುದು. ಆದರೆ ಜ್ವಾಲೆಯು ಮನುಷ್ಯನಿಗಿಂತ ಮೊದಲೇ ಸೋಲುತ್ತದೆ. ಆಮ್ಲಜನಕ ಸಾಲದೆ ಅದು ಅರೆಬರೆಯಾಗಿ ಉರಿಯತೊಡಗಿ, ಇಂಗಾಲದ ಡೈಆಕ್ಸೈಡಿಗೆ ಬದಲಾಗಿ ಇಂಗಾಲದ ಮಾನಾಕ್ಸೈಡನ್ನು ಕಾರುತ್ತದೆ. ಮೊದಲನೆಯವನು ಹೊರಬಂದು ಎರಡನೆಯವನು ಆ ಕೂಡಲೇ ಒಳಗೆ ಹೋದರೆ, ಅವನು ಜಳಕ ಮಾಡುವುದು ಅದಾಗಲೇ ಕೆಟ್ಟ ಗಾಳಿಯಲ್ಲಿ.

ಈ ಮಾನಾಕ್ಸೈಡು ನೆತ್ತರಿನ ಕೆಂಪು ಕಣಗಳಲ್ಲಿರುವ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುವ ಬಲವು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು. ಆಮ್ಲಜನಕವು ಕೂರಬೇಕಾದ ಮಣೆಯ ಮೇಲೆ ತಾನು ಕುಳಿತು ಏಳದಿರುವ ಅತಿಥಿ ಅದು. ಬ್ರಿಟನ್ನಿನ ಶರೀರಶಾಸ್ತ್ರಜ್ಞ ಜಾನ್ ಸ್ಕಾಟ್ ಹಾಲ್ಡೇನ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ತನ್ನ ದೇಹದ ಮೇಲೆಯೇ ಇದನ್ನು ಪರೀಕ್ಷಿಸಿ ನೋಡಿದನು. ಗಾಳಿಯಲ್ಲಿ ಶೇಕಡಾ 0.16ರಷ್ಟು ಬೆರೆತರೆ ಇಪ್ಪತ್ತು ನಿಮಿಷಗಳಲ್ಲಿ ತಲೆನೋವು, ಓಕರಿಕೆ. ಒಂದೆರಡು ಗಂಟೆಗಳಲ್ಲಿ ಮರಣ. ಅದರ ಎರಡು ಪಟ್ಟಾದರೆ ಅರ್ಧ ಗಂಟೆಯೇ ಸಾಕು. ಒಳಗಿರುವವನು ಪಿತ್ತ ಕೆದರಿತೆಂದೋ, ಬರಿಹೊಟ್ಟೆಯಲ್ಲಿ ಬಿಸಿನೀರು ಹೊಯ್ದುಕೊಂಡದ್ದಕ್ಕೆ ತಲೆ ಸುತ್ತಿತೆಂದೋ ಭಾವಿಸುತ್ತಾನೆ. ಬುದ್ಧಿ ಮಂಕಾಗಿ, ಕಾಲು ಸೋತು, ಅಗಳಿಯವರೆಗೆ ಕೈ ಚಾಚಲಾರದೆ ಕುಸಿಯುತ್ತಾನೆ. 2023ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಚಿಕ್ಕಜಾಲದಲ್ಲಿ ಒಂದು ಜೋಡಿ, 2025ರ ಅಕ್ಟೋಬರಿನಲ್ಲಿ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣದಲ್ಲಿ ಇಬ್ಬರು ಅಕ್ಕತಂಗಿಯರು ಬಚ್ಚಲುಮನೆಯಲ್ಲಿಯೇ ಪ್ರಾಣಬಿಟ್ಟ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಎರಡು ಕಡೆಯೂ ಗೀಸರಿನ ಅನಿಲವೇ ಕಾರಣವೆಂದು ವರದಿಯಾಗಿತ್ತು.

ಆದುದರಿಂದ ಗೀಸರನ್ನು ಬಚ್ಚಲಿನ ಒಳಗೆ ಇಡಲೇ ಕೂಡದು. ಹೊರಗೋಡೆಗೆ, ಮಳೆ ತಾಗದಂತೆ ಮೇಲೊಂದು ಸೂರಿಟ್ಟು ತಗುಲಿಸಿ, ಬಿಸಿನೀರನ್ನಷ್ಟೇ ಕೊಳವೆಯಲ್ಲಿ ಒಳಗೆ ತರತಕ್ಕದ್ದು. ಹತ್ತು ಅಡಿ ಕೊಳವೆಯ ಹೆಚ್ಚಿನ ಖರ್ಚನ್ನು ಉಳಿಸಲು ಹೋಗುವ ಯಜಮಾನನು ಯಾವುದನ್ನು ಯಾವುದರೊಡನೆ ತೂಗುತ್ತಿದ್ದಾನೆಂಬುದನ್ನು ಯೋಚಿಸಬೇಕು. ಅನ್ಯ ಮಾರ್ಗವೇ ಇಲ್ಲದೆ ಕಟ್ಟಡದೊಳಗಿನ ಪ್ರತ್ಯೇಕ ಕೋಣೆಯಲ್ಲಿ ಇಡಬೇಕಾದರೆ ಹೊಗೆಕೊಳವೆ ಅನಿವಾರ್ಯ. ಅದು ಯಂತ್ರದ ನೆತ್ತಿಯಿಂದ ಎರಡು ಅಡಿಯಾದರೂ ನೆಟ್ಟಗೆ ಏರಿ, ಬಳಿಕವಷ್ಟೇ ತಿರುಗಬೇಕು, ಎಲ್ಲಿಯೂ ಕೆಳಮುಖವಾಗಬಾರದು, ತುದಿಯು ಬಯಲಿಗೆ ತೆರೆದಿರಬೇಕು. ಮುಚ್ಚಿದ ಪಡಸಾಲೆಗೋ, ಪಕ್ಕದ ಕೋಣೆಯ ಕಿಟಕಿಯ ಬುಡಕ್ಕೋ ಅದನ್ನು ಬಿಟ್ಟರೆ ತನ್ನ ಮನೆಯ ವಿಷವನ್ನು ನೆರೆಯವರಿಗೆ ಹಂಚಿದಂತಾಗುತ್ತದೆ. ತುದಿಯಲ್ಲಿ ಗುಬ್ಬಿ ಗೂಡು ಕಟ್ಟಿದರೆ, ಕಣಜ ಮಣ್ಣು ಮೆತ್ತಿದರೆ ಕೊಳವೆ ಇದ್ದೂ ಇಲ್ಲದಂತೆ.

ಇಲ್ಲೊಂದು ವಿಪರೀತವುಂಟು, ಬಲ್ಲವರೂ ಎಡವುವ ಸ್ಥಳವಿದು. ಗಾಳಿ ಆಡಲೆಂದು ಅದೇ ಕೋಣೆಯಲ್ಲಿ ಎಕ್ಸಾಸ್ಟ್ ಫ್ಯಾನು ಹಾಕಿಸುತ್ತಾರೆ. ಕೋಣೆಗೆ ಬೇರೆ ಕಡೆಯಿಂದ ಗಾಳಿ ಬರುವ ದಾರಿಯಿಲ್ಲದಿದ್ದರೆ, ಆ ಫ್ಯಾನು ಹೊರದೂಡಿದಷ್ಟು ಗಾಳಿಯನ್ನು ಹೊಗೆಕೊಳವೆಯ ಮೂಲಕವೇ ಒಳಗೆ ಸೆಳೆಯುತ್ತದೆ. ಮೇಲೆ ಹೋಗಬೇಕಾದ ಅನಿಲವು ಕೆಳಗಿಳಿದು ಕೋಣೆಯನ್ನು ತುಂಬುತ್ತದೆ. ಸರಿಯೋ ತಪ್ಪೋ ಎಂದು ತಿಳಿಯಲು ದೊಡ್ಡ ಉಪಕರಣ ಬೇಡ. ಗೀಸರು ಐದು ನಿಮಿಷ ಉರಿದ ಬಳಿಕ, ಅನಿಲದ ವಾಸನೆ ಎಲ್ಲಿಯೂ ಇಲ್ಲವೆಂಬುದನ್ನು ಖಚಿತಮಾಡಿಕೊಂಡು, ಹೊಗೆಕೊಳವೆಯ ಬುಡದ ತೆರಪಿನ ಬಳಿ ಊದಿನಕಡ್ಡಿಯ ಹೊಗೆಯನ್ನು ಹಿಡಿದು ನೋಡಬೇಕು. ಹೊಗೆ ಒಳಗೆ ಸೆಳೆದುಹೋದರೆ ಕೊಳವೆ ತನ್ನ ಕೆಲಸ ಮಾಡುತ್ತಿದೆ. ಹೊರಗೆ ಚೆಲ್ಲಿದರೆ ಆ ಕ್ಷಣವೇ ಯಂತ್ರವನ್ನು ಆರಿಸಿ ಕುಶಲಕರ್ಮಿಯನ್ನು ಕರೆಸಬೇಕು.

ಈ ಸೀಮೆಗೆ ವಿಶೇಷವಾದ ಇನ್ನೊಂದು ತೊಡಕು ನೀರಿನದು. ಶಹಾಪುರದ ಸುತ್ತಿನ ನೆಲದಲ್ಲಿ ಭೀಮಾ ಕಣಿವೆಯ ಸುಣ್ಣಕಲ್ಲಿನ ಪದರಗಳಿವೆ. ಅಂಥ ನೆಲದ ಕೊಳವೆಬಾವಿಯ ನೀರು ಗಡಸು. ಸಾಬೂನು ನೊರೆಯಾಗದು, ಬೇಳೆ ಬೇಗ ಬೇಯದು. ಅದು ಗೀಸರಿನ ತಾಮ್ರದ ಸುರುಳಿಯಲ್ಲಿ ಕಾದಾಗ ಸುಣ್ಣವು ಪೊರೆಪೊರೆಯಾಗಿ ಒಳಗೆ ಕಚ್ಚಿಕೊಳ್ಳುತ್ತದೆ. ಶಾಖವು ನೀರಿಗೆ ಸೇರದೆ ಲೋಹದಲ್ಲಿಯೇ ಉಳಿದು ಸುರುಳಿ ಕೆಡುತ್ತದೆ, ಅನಿಲ ವ್ಯರ್ಥವಾಗುತ್ತದೆ. ಹೊರಮೈಯ ರೆಕ್ಕೆಗಳಲ್ಲಿ ಧೂಳು, ಮಸಿ ಸೇರಿದರೆ ಉರಿದ ಅನಿಲ ಮೇಲೇರುವ ದಾರಿಯೇ ಕಟ್ಟಿಕೊಂಡು ಜ್ವಾಲೆ ಕೆಡುತ್ತದೆ. ನೀಲಿಯಾಗಿರಬೇಕಾದ ಜ್ವಾಲೆ ಹಳದಿಯಾಗಿ ಓಲಾಡತೊಡಗಿದರೆ ಅದು ಯಂತ್ರವು ಕೊಡುವ ಎಚ್ಚರಿಕೆ. ಹಳದಿ ಜ್ವಾಲೆಯ ಗೀಸರಿನಿಂದ ಇನ್ನೊಂದು ಬಕೀಟು ನೀರನ್ನೂ ಹಿಡಿಯಬಾರದು. ಗಡಸು ನೀರಿನ ಊರಿನಲ್ಲಿ ವರ್ಷಕ್ಕೊಮ್ಮೆಯಾದರೂ ಸುಣ್ಣ ತೆಗೆಸಬೇಕು. ಜಾತ್ರೆ, ಲಗ್ನಸರಾಯಿಗಳ ಮೊದಲೇ ಆದರೆ ಲೇಸು.

ವಸತಿಗೃಹ, ವಿದ್ಯಾರ್ಥಿನಿಲಯ, ಕಲ್ಯಾಣಮಂಟಪಗಳಲ್ಲಿ ನೂರಾರು ಲೀಟರ್ ನೀರನ್ನು ಒಮ್ಮೆಗೇ ಕಾಯಿಸಿಡುವ ದೊಡ್ಡ ತೊಟ್ಟಿಯ ಯಂತ್ರಗಳನ್ನೂ ಇಡುತ್ತಾರೆ. ಕೋಣೆಗೊಂದು ಗೀಸರನ್ನು ತೂಗುಹಾಕುವುದಕ್ಕಿಂತ ಇದೇ ಮೇಲು. ಬೆಂಕಿಯು ಅತಿಥಿಗಳಿಂದ ದೂರ, ಒಂದೇ ಸ್ಥಳದಲ್ಲಿ, ಬಲ್ಲವನೊಬ್ಬನ ಕಣ್ಣಿನ ಕೆಳಗೆ ಇರುತ್ತದೆ. ಆದರೆ ಅದರ ಅಪಾಯ ಬೇರೆ ಬಗೆಯದು. ಮುಚ್ಚಿದ ತೊಟ್ಟಿಯಲ್ಲಿ ಶಾಖ ನಿಯಂತ್ರಕ ಕೆಟ್ಟರೆ ನೀರು ಕುದಿಯುವ ಮಟ್ಟವನ್ನೂ ಮೀರಿ ಕಾಯುತ್ತದೆ. ನೀರು ಹಬೆಯಾದಾಗ ಸುಮಾರು 1600 ಪಟ್ಟು ಹಿಗ್ಗುವುದು. ಇದಕ್ಕಾಗಿಯೇ ಒತ್ತಡವನ್ನೂ ಶಾಖವನ್ನೂ ಕಂಡು ತಾನೇ ತೆರೆಯುವ ರಕ್ಷಣಾ ಕವಾಟವಿರುತ್ತದೆ. ಅದರಿಂದ ಆಗಾಗ ಹನಿ ತೊಟ್ಟಿಕ್ಕುವುದೆಂದು ಬೇಸತ್ತು ಬಾಯಿಗೆ ಬಿರಡೆ ಜಡಿಯುವವರಿದ್ದಾರೆ. ಇದಕ್ಕಿಂತ ದೊಡ್ಡ ಅವಿವೇಕವನ್ನು ಕಲ್ಪಿಸುವುದು ಕಷ್ಟ. ಕವಾಟದ ಬಾಯಿಂದ ಕೊಳವೆಯೊಂದನ್ನು ನೆಲದವರೆಗೆ ಇಳಿಬಿಟ್ಟು ತೆರೆದೇ ಇಡತಕ್ಕದ್ದು. ನೀರಿನ ಶಾಖದ ವಿಷಯದಲ್ಲಿಯೂ ಎರಡು ಕಡೆ ನೋಡಬೇಕು. ತೊಟ್ಟಿಯಲ್ಲಿ 60 ಡಿಗ್ರಿಗಿಂತ ಕಡಮೆಯಾದರೆ ಶ್ವಾಸಕೋಶದ ಕಾಯಿಲೆ ತರುವ ಲೀಜಿಯೊನೆಲ್ಲ ಎಂಬ ಸೂಕ್ಷ್ಮಜೀವಿಗೆ ಆಶ್ರಯ ದೊರೆತೀತು. ಅದೇ 60 ಡಿಗ್ರಿಯ ನೀರು ನೇರವಾಗಿ ಮೈಮೇಲೆ ಬಿದ್ದರೆ ಕೆಲವೇ ಸೆಕೆಂಡುಗಳಲ್ಲಿ ಚರ್ಮ ಬೇಯುತ್ತದೆ. ಕಾಯಿಸುವುದು 60ಕ್ಕೆ, ತಣ್ಣೀರು ಬೆರೆಸುವ ಕವಾಟವಿಟ್ಟು ನಲ್ಲಿಗೆ ಬಿಡುವುದು 45ರೊಳಗೆ, ಎಂಬುದು ಒಳ್ಳೆಯ ಏರ್ಪಾಡು. ಹಾಗೆಯೇ ಮುನ್ನೂರು ಲೀಟರಿನ ತೊಟ್ಟಿಯ ನೀರೇ ಮೂರು ಕ್ವಿಂಟಲ್ ತೂಗುತ್ತದೆ. ಹಳೆಯ ಮಣ್ಣಿನ ಮಾಳಿಗೆ ಅದನ್ನು ಹೊರಲಾರದು.

ಸಿಲಿಂಡರುಗಳ ಮಾತನ್ನು ಬೇಗನೆ ಮುಗಿಸಬಹುದು. ಮನೆಯ ಅಡುಗೆಗೆಂದು ಕೊಡುವ 14.2 ಕಿಲೋಗ್ರಾಮಿನ ಸಿಲಿಂಡರನ್ನು ವ್ಯಾಪಾರದ ಕಟ್ಟಡದಲ್ಲಿ ಬಳಸುವುದು ಕಾನೂನಿಗೆ ವಿರುದ್ಧ. ಅಲ್ಲಿಗೆ 19 ಕಿಲೋಗ್ರಾಮಿನದೋ 47.5 ಕಿಲೋಗ್ರಾಮಿನದೋ ಆಗಬೇಕು. ನೂರು ಕಿಲೋಗ್ರಾಮಿಗಿಂತ ಹೆಚ್ಚು ಅನಿಲವನ್ನು ಸಂಗ್ರಹಿಸಲು ಪರವಾನಗಿ ಬೇಕು. 19ರ ಸಿಲಿಂಡರು ಐದಾದರೆ 95. ಆರನೆಯದು ಬಂದೊಡನೆ ಮಿತಿ ದಾಟಿತು, ಖಾನಾವಳಿಯ ಒಲೆಯ ಸಿಲಿಂಡರೂ ಈ ಲೆಕ್ಕದಲ್ಲಿ ಸೇರುತ್ತದೆ. ಅಡುಗೆ ಅನಿಲವು ಗಾಳಿಗಿಂತ ಭಾರವಾದುದರಿಂದ ಸೋರಿದರೆ ನೆಲ ಹಿಡಿದು ಹರಿಯುತ್ತದೆ. ನೆಲಮಾಳಿಗೆಯಲ್ಲಾಗಲಿ, ಚರಂಡಿಯ ಬಾಯಿಯ ಹತ್ತಿರವಾಗಲಿ ಸಿಲಿಂಡರನ್ನು ಇಡಬಾರದು. ಬಯಲಿನಲ್ಲಿ, ನೆಟ್ಟಗೆ ನಿಲ್ಲಿಸಿ, ನೆಲದ ಮಟ್ಟದಲ್ಲಿ ಗಾಳಿ ಓಡಾಡುವ ಜಾಲರಿಯೊಳಗಿಡಬೇಕು. ರಬ್ಬರ್ ಕೊಳವೆಯನ್ನು ಐದು ವರ್ಷಕ್ಕೊಮ್ಮೆ ತಪ್ಪದೆ ಬದಲಿಸಬೇಕು. ಸೋರುವಿಕೆಯನ್ನು ಸಾಬೂನಿನ ನೀರು ಹಚ್ಚಿ ನೋಡಬೇಕೇ ಹೊರತು ಬೆಂಕಿಕಡ್ಡಿ ಗೀರಿಯಲ್ಲ. ವಾಸನೆ ಬಂದಾಗ ವಿದ್ಯುತ್ ಗುಂಡಿಯನ್ನು ಒತ್ತುವುದೂ ಬೇಡ, ಆರಿಸುವುದೂ ಬೇಡ. ಸಿಲಿಂಡರಿನ ಕವಾಟ ಮುಚ್ಚಿ, ಕಿಟಕಿ ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ದೂರವಾಣಿ ಮಾಡಬೇಕು.

ಬಚ್ಚಲಿಗೆ ಹೋದವರು ಕರೆದರೂ ಓಗೊಡದಿದ್ದರೆ? ಸಂಕೋಚಪಟ್ಟು ಕಾಯುತ್ತ ನಿಲ್ಲುವ ಹೊತ್ತಲ್ಲ ಅದು. ಸಿಲಿಂಡರನ್ನು ಮುಚ್ಚಿಸಿ, ಬಾಗಿಲನ್ನು ಒಡೆದು, ಉಸಿರು ಬಿಗಿಹಿಡಿದು ಒಳಹೊಕ್ಕು ಅವರನ್ನು ಬಯಲಿಗೆ ಎಳೆತರಬೇಕು. ಇಬ್ಬರು ಮೂವರು ಒಟ್ಟಿಗೆ ನುಗ್ಗಿದರೆ ಅವರೂ ಬಿದ್ದಾರು. ಉಸಿರಾಟ ನಿಂತಿದ್ದರೆ ಕೃತಕ ಉಸಿರಾಟವನ್ನೂ ಎದೆಯೊತ್ತುವುದನ್ನೂ ಆರಂಭಿಸಿ 108ರ ವಾಹನವನ್ನು ಕರೆಸಬೇಕು. ಬರಿಯ ಗಾಳಿಯಲ್ಲಿ ನೆತ್ತರಿನ ವಿಷವು ಅರ್ಧಕ್ಕಿಳಿಯಲು ನಾಲ್ಕೈದು ಗಂಟೆಗಳು ಬೇಕು; ಶುದ್ಧ ಆಮ್ಲಜನಕ ಕೊಟ್ಟರೆ ಒಂದೂವರೆ ಗಂಟೆಯೊಳಗೆ ಅಷ್ಟಾಗುತ್ತದೆ. ಎಚ್ಚರ ತಿಳಿದು ಎದ್ದು ಕುಳಿತವರನ್ನೂ ಆಸ್ಪತ್ರೆಗೆ ಒಯ್ಯಲೇಬೇಕೆನ್ನುವುದು ಇದಕ್ಕಾಗಿ. ವೈದ್ಯರಿಗೆ ಗೀಸರಿನ ಸಂಗತಿಯನ್ನು ಮೊದಲೇ ತಿಳಿಸಬೇಕು; ಇಲ್ಲವಾದರೆ ಮೂರ್ಛೆರೋಗವೆಂದು ಬಗೆಯುವ ಸಂಭವವುಂಟು. ಬೆರಳ ತುದಿಗೆ ಹಾಕುವ ಪುಟ್ಟ ಆಕ್ಸಿಮೀಟರನ್ನೂ ಈ ವಿಷದಲ್ಲಿ ನಂಬುವಂತಿಲ್ಲ. ಮಾನಾಕ್ಸೈಡು ಕೂತ ನೆತ್ತರನ್ನೂ ಅದು ಆಮ್ಲಜನಕ ತುಂಬಿದ್ದೆಂದೇ ಎಣಿಸಿ ತೊಂಬತ್ತೆಂಟನ್ನು ತೋರಿಸೀತು. ಗುಣವಾಗಿ ಮನೆಗೆ ಬಂದವರಲ್ಲಿಯೂ ಕೆಲವರಿಗೆ ಎರಡು ಮೂರು ವಾರಗಳ ಮೇಲೆ ಮರೆವು, ನಡಿಗೆಯ ತಡವರಿಕೆ, ಸ್ವಭಾವದಲ್ಲಿ ಬದಲಾವಣೆ ಕಾಣಿಸಿಕೊಳ್ಳುತ್ತವೆ. ಹಾಗೆ ಕಂಡ ದಿನವೇ ಅದೇ ವೈದ್ಯರ ಬಳಿಗೆ ಮರಳಿ ಕರೆದೊಯ್ಯಬೇಕು.