ಹುಡುಕುವವರ ಮುಂದೆ ಹಾಕುವ ಅಂಗಡಿ

ಹಿಂದೆ ಹಳ್ಳಿಯಲ್ಲಿ ಒಂದು ಸಂಗತಿಯನ್ನು ಹತ್ತು ಮಂದಿಗೆ ತಿಳಿಸಬೇಕಾದರೆ ತಮಟೆ ಹೊಡೆಸಿ ಡಂಗುರ ಸಾರಿಸುತ್ತಿದ್ದರು. ಆ ಸದ್ದು ಬೇಕಾದವನ ಕಿವಿಗೂ ಬೀಳುತ್ತಿತ್ತು, ಬೇಡದವನ ಕಿವಿಗೂ ಬೀಳುತ್ತಿತ್ತು. ಈಗಲಾದರೋ ಗೃಹಸ್ಥರು ತಮಗೆ ಬೇಕಾದುದನ್ನು ಮೊದಲು ಕೈಯಲ್ಲಿರುವ ಫೋನನ್ನೇ ಕೇಳುವರು. ಹೀಗೆ ಕೇಳಿದವರಿಗೆ ಮಾತ್ರ, ಕೇಳಿದ ಗಳಿಗೆಯಲ್ಲಿಯೇ, ಹಣ ತೆತ್ತು ತನ್ನ ಅಂಗಡಿಯ ಹೆಸರನ್ನು ತೋರಿಸುವ ಏರ್ಪಾಟೊಂದುಂಟು. ಅದನ್ನು ಕುರಿತು ಈ ತಿಂಗಳು ನಾಲ್ಕು ಮಾತುಗಳನ್ನು ಬರೆಯಬೇಕೆಂದಿರುವೆವು.

ಇದಕ್ಕೆ ಕಾರಣವಾದ ಸಂಗತಿಯನ್ನು ಮೊದಲು ಹೇಳುವುದು ಯುಕ್ತ. ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯಲ್ಲಿ ನಮಗೆ ಪರಿಚಿತವಾದ ಒಂದು ಕುಟುಂಬವುಂಟು. ಗಂಡಹೆಂಡಿರಿಬ್ಬರೂ ಸೇರಿ ಮರದ ಗಾಣದಲ್ಲಿ ಕಡಲೆಕಾಯಿ ಎಣ್ಣೆಯನ್ನು ತೆಗೆದು ಮಾರುವರು. ಪೇಟೆಯಿಂದ ಬಂದ ಮಧ್ಯವರ್ತಿಯೊಬ್ಬನು, “ಫೋನಿನಲ್ಲಿ ನಿಮ್ಮ ಹೆಸರೇ ಮೊದಲು ಬರುವಂತೆ ಮಾಡುವೆನು” ಎಂದು ನಂಬಿಸಿದನು. ಮಗಳ ಕಾಲೇಜಿನ ಶುಲ್ಕಕ್ಕೆಂದು ಕೂಡಿಟ್ಟ ಹಣದಲ್ಲಿ ೫,೯೦೦ ರೂಪಾಯಿ ಇಪ್ಪತ್ತು ದಿನಗಳಲ್ಲಿ ಕರಗಿತು. ಬಂದ ಗಿರಾಕಿಗಳು ಐವರು. ಶುಲ್ಕದ ಕಂತಿಗೆ ಆ ತಾಯಿ ತನ್ನ ಬಳೆಗಳನ್ನು ಅಡವಿಡಬೇಕಾಯಿತು. “ಇದು ಮೋಸವೋ, ನಮ್ಮ ತಿಳಿಯದ ತಪ್ಪೋ, ನೋಡಿ ಹೇಳಿ” ಎಂದು ಆಕೆ ಫೋನನ್ನು ನಮ್ಮ ಮುಂದಿಟ್ಟರು. ನಾವು ಕಂಡುಕೊಂಡುದನ್ನು ವಾಚಕರ ಉಪಯೋಗಕ್ಕಾಗಿ ಇಲ್ಲಿ ನಿವೇದಿಸುವೆವು.

ಈ ಪದ್ಧತಿ ತೀರ ಹಳೆಯದಲ್ಲ. ೧೯೯೮ರಲ್ಲಿ ಅಮೆರಿಕಾದ ಗೋಟೂ ಎಂಬ ಸಂಸ್ಥೆಯು ಹುಡುಕುವ ಮಾತುಗಳನ್ನು ಜಾಹೀರಾತುದಾರರಿಗೆ ಹರಾಜಿನಲ್ಲಿ ಕೊಡುವ ಕ್ರಮವನ್ನು ಆರಂಭಿಸಿತು. ೨೦೦೦ದ ಅಕ್ಟೋಬರಿನಲ್ಲಿ ಗೂಗಲ್ ಸಂಸ್ಥೆಯು ೩೫೦ ಮಂದಿ ಜಾಹೀರಾತುದಾರರೊಡನೆ ‘ಆಡ್‌ವರ್ಡ್ಸ್’ ಎಂಬುದನ್ನು ತೆರೆಯಿತು. ೨೦೧೮ರಿಂದ ಅದಕ್ಕೆ ‘ಗೂಗಲ್ ಆಡ್ಸ್’ ಎಂದು ಹೆಸರು. ಇದರಲ್ಲಿ ಜಾಹೀರಾತು ಕಣ್ಣಿಗೆ ಬಿದ್ದ ಮಾತ್ರಕ್ಕೆ ಸಾಮಾನ್ಯವಾಗಿ ಹಣವಿಲ್ಲ. ನೋಡಿದವನು ಅದನ್ನು ಬೆರಳಿನಿಂದ ಒತ್ತಿ ಒಳಹೊಕ್ಕರೆ ಹಣ. ಈ ಒತ್ತುವಿಕೆಯೇ ‘ಕ್ಲಿಕ್’ ಎನಿಸುವುದು. ಒತ್ತಿದವನು ಕೊಂಡರೂ ಸರಿಯೆ, ಕೊಳ್ಳದೆ ಹೋದರೂ ಸರಿಯೆ, ನಮ್ಮ ಹಣ ಹೋಯಿತೆಂದೇ ತಿಳಿಯತಕ್ಕದ್ದು.

ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ರೇಷ್ಮೆಗೂಡಿನ ಹರಾಜನ್ನು ಕಂಡವರು, ಹೆಚ್ಚು ಕೂಗಿದವನಿಗೇ ಮೊದಲ ಸ್ಥಾನವೆಂದು ಊಹಿಸಬಹುದು. ಇಲ್ಲಿ ಹಾಗಲ್ಲ. ಕೂಗಿದ ಬೆಲೆಯೊಡನೆ ಜಾಹೀರಾತಿನ ಯೋಗ್ಯತೆಯನ್ನೂ ತೂಗುವರು. ಕೇಳಿದ ಮಾತಿಗೂ ನಮ್ಮ ಜಾಹೀರಾತಿಗೂ ಹೊಂದಿಕೆಯುಂಟೆ, ಜನರು ಅದನ್ನು ಒತ್ತುವ ಸಂಭವವೆಷ್ಟು, ಒತ್ತಿದಾಗ ತೆರೆಯುವ ಪುಟದಲ್ಲಿ ಅವರಿಗೆ ಬೇಕಾದುದು ದೊರೆಯುವುದೆ ಎಂಬಿವು ಮುಖ್ಯವಾದ ಮೂರು ಪರೀಕ್ಷೆಗಳು. ಲೆಕ್ಕದ ಸೌಕರ್ಯಕ್ಕಾಗಿ ಹೀಗೆ ಭಾವಿಸೋಣ: ಒಬ್ಬನು ೨೦ ರೂಪಾಯಿ ಕೂಗಿದನು, ಅವನ ಯೋಗ್ಯತೆ ೪, ಗುಣಿಸಿದರೆ ೮೦. ಇನ್ನೊಬ್ಬನು ೧೨ ರೂಪಾಯಿ ಕೂಗಿದನು, ಯೋಗ್ಯತೆ ೮, ಗುಣಿಸಿದರೆ ೯೬. ಕಡಮೆ ಕೂಗಿದವನೇ ಮೇಲೆ ನಿಲ್ಲುವನು. ಅವನು ೧೨ ರೂಪಾಯಿಯನ್ನು ಪೂರ್ತಿಯಾಗಿ ಕೊಡಬೇಕಾದುದೂ ಇಲ್ಲ. ಹಿಂದಿನವನನ್ನು ಮೀರಲು ಬೇಕಾದಷ್ಟು, ಅಂದರೆ ೧೦ ರೂಪಾಯಿಗೆ ತುಸು ಹೆಚ್ಚು ಕೊಟ್ಟರಾಯಿತು. ಪ್ರತಿಯೊಂದು ಹುಡುಕಾಟಕ್ಕೂ ಈ ತೂಗುವಿಕೆ ಹೊಸದಾಗಿ ನಡೆಯುವುದು. ಆದುದರಿಂದ “ಮೊದಲ ಸ್ಥಾನ ಖಂಡಿತ” ಎಂದು ಮಾತು ಕೊಡುವವನ ಮಾತು ನಂಬತಕ್ಕುದಲ್ಲ. ಇಲ್ಲಿ ಹಣ ತೆತ್ತುದರಿಂದ ಕೆಳಗೆ ಬರುವ ಪುಕ್ಕಟೆ ಪಟ್ಟಿಯಲ್ಲಿ ನಮ್ಮ ಸ್ಥಾನವೇನೂ ಏರುವುದಿಲ್ಲವೆಂಬುದನ್ನೂ ನೆನಪಿಡಬೇಕು.

ಇನ್ನು ಆ ಕುಟುಂಬದ ಹಣ ಹೋದುದೆಲ್ಲಿ? ಜನರು ಯಾವ ಯಾವ ಮಾತುಗಳನ್ನು ಬರೆದು ಹುಡುಕಿದಾಗ ಜಾಹೀರಾತು ಹೊರಟಿತೆಂಬ ಪಟ್ಟಿಯೊಂದು ಖಾತೆಯಲ್ಲಿಯೇ ಇರುವುದು. ಅದನ್ನು ತೆರೆದು ನೋಡಿದೆವು. ‘ಗಾಣದ ಯಂತ್ರದ ಬೆಲೆ’, ‘ಎಣ್ಣೆ ಗಿರಣಿಯಲ್ಲಿ ಕೆಲಸ’, ‘ಕಡಲೆಕಾಯಿ ಎಣ್ಣೆ ತಲೆಗೂದಲಿಗೆ ಒಳ್ಳೆಯದೆ’ ಎಂಬಂಥವೇ ಅರ್ಧಕ್ಕಿಂತ ಹೆಚ್ಚು. ಒಟ್ಟು ೬೨೫ ಕ್ಲಿಕ್ಕುಗಳು, ಒಂದಕ್ಕೆ ಸರಾಸರಿ ೮ ರೂಪಾಯಿ. ಹೀಗೆ ೫,೦೦೦ ರೂಪಾಯಿ, ಅದರ ಮೇಲೆ ಶೇಕಡ ೧೮ರಂತೆ ೯೦೦ ರೂಪಾಯಿ ತೆರಿಗೆ. ಎಣ್ಣೆ ಕೊಳ್ಳಲು ಬಂದವರಿಗಿಂತ ಯಂತ್ರ ಕೊಳ್ಳಲು ಬಂದವರೇ ಹೆಚ್ಚಾದರೆ ಎಣ್ಣೆ ಮಾರುವುದು ಹೇಗೆ?

ಇದನ್ನು ತಡೆಯುವ ಉಪಾಯಗಳು ಕಠಿನವಲ್ಲ. ನಾವು ಆರಿಸುವ ಮಾತನ್ನು ಯಾವ ಗುರುತೂ ಇಲ್ಲದೆ ಬರೆದರೆ ಅದಕ್ಕೆ ಸಂಬಂಧಪಟ್ಟ ದೂರದ ಮಾತುಗಳಿಗೂ ಜಾಹೀರಾತು ಹೊರಡುವುದು. ಉದ್ಧರಣ ಚಿಹ್ನೆಯೊಳಗೆ ಬರೆದರೆ ಆ ಅರ್ಥವುಳ್ಳ ಹುಡುಕಾಟಗಳಿಗೆ ಮಾತ್ರ. ಚೌಕ ಕಂಸದೊಳಗೆ ಬರೆದರೆ ಬಹುಮಟ್ಟಿಗೆ ಅದೇ ಮಾತಿಗೆ. ಹೊಸಬರು ಕೊನೆಯ ಎರಡರಿಂದ ಆರಂಭಿಸುವುದು ಕ್ಷೇಮ. ‘ಯಂತ್ರ’, ‘ಕೆಲಸ’, ‘ಕೂದಲು’ ಮೊದಲಾದ ಬೇಡದ ಮಾತುಗಳನ್ನು ನಿಷೇಧದ ಪಟ್ಟಿಗೆ ಸೇರಿಸಿದರೆ ಆ ಮಾತುಗಳಿರುವ ಹುಡುಕಾಟಕ್ಕೆ ಜಾಹೀರಾತು ಹೋಗದು. ನಮ್ಮ ಗಡಿಸೀಮೆಯಲ್ಲಿ ಕನ್ನಡವೂ ತೆಲುಗೂ ಒಂದೇ ಜಗಲಿಯ ಮೇಲೆ ಮಾತನಾಡುವ ಭಾಷೆಗಳಾದುದರಿಂದ, ‘ಕಡಲೆಕಾಯಿ ಎಣ್ಣೆ’ಯೊಡನೆ ಉತ್ತರದವರ ‘ಶೇಂಗಾ ಎಣ್ಣೆ’ಯನ್ನೂ ತೆಲುಗರ ‘ವೇರುಶೆನಗ ನೂನೆ’ಯನ್ನೂ, ಇವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯುವವರನ್ನೂ ಮರೆಯಬಾರದು.

ಸ್ಥಳದ ವಿಷಯದಲ್ಲಿಯೂ ಎಚ್ಚರ ಬೇಕು. ಮೊದಲಿನ ಏರ್ಪಾಟಿನಂತೆ ಬಿಟ್ಟರೆ ನಾವು ಆರಿಸಿದ ಊರಿನಲ್ಲಿರುವವರಿಗಲ್ಲದೆ, ಆ ಊರಿನ ವಿಷಯದಲ್ಲಿ ಆಸಕ್ತಿ ತೋರಿದ ಪರಸ್ಥಳದವರಿಗೂ ಜಾಹೀರಾತು ಕಾಣುವುದು. ಸರಕನ್ನು ಎಲ್ಲಿಗೆ ಮುಟ್ಟಿಸಬಲ್ಲೆವೋ ಆ ಸ್ಥಳಗಳಲ್ಲಿ ‘ಇರುವವರು’ ಎಂಬುದನ್ನೇ ಆರಿಸತಕ್ಕದ್ದು. ದಿನದ ಖರ್ಚಿಗೆ ೧೦೦ ರೂಪಾಯಿ ಎಂದು ಮಿತಿ ಹಾಕಿದರೆ ಒಂದೊಂದು ದಿನ ಅದು ೨೦೦ರವರೆಗೂ ಹೋಗಬಹುದು. ಆದರೆ ತಿಂಗಳಿಗೆ ೩,೦೪೦ ರೂಪಾಯಿಯನ್ನು ಮೀರದು. ತೆರಿಗೆ ಬೇರೆ.

ಇವೆಲ್ಲಕ್ಕಿಂತ ಮುಖ್ಯವಾದುದು ಮನೆಯ ಲೆಕ್ಕ. ಆ ತಾಯಿಗೆ ಲೀಟರಿಗೆ ೬೦ ರೂಪಾಯಿ ಉಳಿಯುವುದು. ನೂರು ಮಂದಿ ಒತ್ತಿ ನಾಲ್ವರು ಒಂದೊಂದು ಲೀಟರು ಕೊಂಡರೆ ಉಳಿಯುವುದು ೨೪೦ ರೂಪಾಯಿ. ಅಂದರೆ ಒಂದು ಕ್ಲಿಕ್ಕಿಗೆ ೨ ರೂಪಾಯಿ ೪೦ ಪೈಸೆಗಿಂತ ಹೆಚ್ಚು ಕೊಟ್ಟರೆ ನಷ್ಟ. ಅವರು ಕೊಟ್ಟುದಾದರೋ ತೆರಿಗೆ ಸೇರಿ ೯ ರೂಪಾಯಿ ೪೪ ಪೈಸೆ. ಅದೇ ನಾಲ್ವರು ಐದು ಲೀಟರಿನ ಒಂದೊಂದು ಡಬ್ಬ ಕೊಂಡರೆ ೧,೨೦೦ ರೂಪಾಯಿ ಉಳಿದು, ಕ್ಲಿಕ್ಕಿಗೆ ೧೨ ರೂಪಾಯಿಯವರೆಗೂ ತಾಳಬಹುದು. ಆದುದರಿಂದ ಬಿಡಿ ಲೀಟರಿಗೆ ಜಾಹೀರಾತು ಹಾಕದೆ ಡಬ್ಬಕ್ಕೆ ಹಾಕುವುದೇ ಲೇಸು. ಈ ಭಾಗಹಾರವನ್ನು ಮಾಡದೆ ಒಂದು ಕಾಸನ್ನೂ ಕಟ್ಟಬಾರದೆಂದು ನಮ್ಮ ವಾಚಕರಲ್ಲಿ ನಮ್ಮ ಬಿನ್ನಹ. ಲಾಭ ತೀರ ಕಿರಿದಾದ ಸರಕಿಗೆ ಈ ಮಾರ್ಗವೇ ಸಲ್ಲದಿರಬಹುದು. ಹಾಗೆಂದು ತಿಳಿದು ಸುಮ್ಮನಿರುವುದೂ ಒಂದು ಗಳಿಕೆಯೇ.

ಇನ್ನೆರಡು ಮಾತು. ನಕ್ಷೆಯಲ್ಲಿ ಅಂಗಡಿಯ ಹೆಸರು, ವೇಳೆ, ಫೋನು ಕಾಣುವಂತೆ ಬರೆಸುವುದಕ್ಕೆ ಗೂಗಲ್ಲಿನಲ್ಲಿ ಖರ್ಚಿಲ್ಲ. ಹಣದ ಜಾಹೀರಾತಿಗೆ ಮುಂಚೆ ಅದನ್ನು ಮಾಡಿಕೊಳ್ಳತಕ್ಕದ್ದು. ಎರಡನೆಯದಾಗಿ, ಖಾತೆಯು ನಮ್ಮ ಹೆಸರಿನಲ್ಲಿಯೇ ಇರಬೇಕು. ಬೇರೆಯವರು ಸಹಾಯ ಮಾಡಲಿ, ಆದರೆ ಬೀಗದ ಕೈ ನಮ್ಮ ಸೆರಗಿನಲ್ಲಿರಲಿ. ಫೋನಿಗೆ ಬರುವ ಗುಟ್ಟಿನ ಸಂಖ್ಯೆಯನ್ನು ಯಾರು ಕೇಳಿದರೂ ಹೇಳಬಾರದು.

ಆಕೆ ಜಾಹೀರಾತನ್ನು ನಿಲ್ಲಿಸಿ, ಹದಿನೈದು ದಿನ ಬಿಟ್ಟು, ದಿನಕ್ಕೆ ೧೦೦ ರೂಪಾಯಿಯ ಮಿತಿಯಲ್ಲಿ, ಡಬ್ಬಕ್ಕೆ ಮಾತ್ರ, ಮತ್ತೆ ಹಾಕಿಸಿದರು. ಪ್ರತಿ ಭಾನುವಾರ ಮಗಳು ಪಟ್ಟಿಯನ್ನೋದಿ ಬೇಡದ ಮಾತುಗಳನ್ನು ತೆಗೆದಳು. ತಿಂಗಳಿಗೆ ತೆರಿಗೆ ಸೇರಿ ೨,೮೩೨ ರೂಪಾಯಿ ಖರ್ಚು. ಹನ್ನೊಂದು ಡಬ್ಬಗಳಿಂದ ಉಳಿದುದು ೩,೩೦೦. ಕೈಗೆ ದಕ್ಕಿದ ೪೬೮ ರೂಪಾಯಿ ದೊಡ್ಡ ಹಣವಲ್ಲ. ಆದರೆ ಆ ಹನ್ನೊಂದು ಮನೆಗಳಲ್ಲಿ ನಾಲ್ಕು ಮನೆಯವರು ಮರುತಿಂಗಳು ಜಾಹೀರಾತಿನ ಹಂಗಿಲ್ಲದೆ ನೇರವಾಗಿ ಫೋನು ಮಾಡಿ ಎಣ್ಣೆ ತರಿಸಿಕೊಂಡರು. ಜಾಹೀರಾತು ಗಿರಾಕಿಯನ್ನು ಬಾಗಿಲವರೆಗೆ ಕರೆತರಬಲ್ಲುದು. ಮರಳಿ ಬರುವಂತೆ ಮಾಡುವುದು ಎಣ್ಣೆಯ ಗುಣ. ಬಳೆಗಳು ಇನ್ನೂ ಅಡವಿನಲ್ಲಿಯೇ ಇವೆ. ದೀಪಾವಳಿಯೊಳಗೆ ಬಿಡಿಸಿಕೊಳ್ಳುವೆನೆಂದು ಆಕೆ ಹೇಳಿರುವರು. ಹಾಗೆಯೇ ಆಗಲೆಂದು ಹಾರೈಸುವೆವು.