ದಾಖಲೆಗೆ ಬಾರದ ವಿಷ

ಪಶ್ಚಿಮ ಘಟ್ಟದಲ್ಲಿ ಹುಟ್ಟುವ ಘಟಪ್ರಭೆ ಗೋಕಾಕದ ಬಂಡೆಗಳಿಂದ ಧುಮುಕಿ ಮುಧೋಳ ಸೀಮೆಯ ಎರೆನೆಲಕ್ಕೆ ಇಳಿಯುತ್ತದೆ. ಕವಿ ರನ್ನನ ಹೆಸರನ್ನು ಹೊತ್ತ ರನ್ನ ಬೆಳಗಲಿ ಈ ಸೀಮೆಯ ಊರು. ನದಿ, ಕಾಲುವೆ, ಕೊಳವೆಬಾವಿಗಳ ನೀರು ಒದಗಿದ ಮೇಲೆ ಜೋಳದ ಹೊಲಗಳು ಕಬ್ಬಿನ ಹೊಲಗಳಾದವು. ಕಬ್ಬು ಈ ನಾಡಿಗೆ ತಂದ ಸಿರಿಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಆ ಸಿರಿಯ ಲೆಕ್ಕ ಕಾರ್ಖಾನೆಯ ತೂಕದ ಚೀಟಿಯಲ್ಲಿ ಸಿಗುತ್ತದೆ. ಅದರೊಡನೆ ಬಂದ ವಿಷದ ಲೆಕ್ಕ ಎಲ್ಲಿಯೂ ಸಿಗುವುದಿಲ್ಲ.

ಉತ್ತರ ಕರ್ನಾಟಕದ ರೈತರ ಬಾಯಲ್ಲಿ ಕೀಟನಾಶಕಕ್ಕೆ ‘ಎಣ್ಣಿ’ ಎಂದು ಹೆಸರು. ಮಲೆನಾಡು, ಕರಾವಳಿಗಳಲ್ಲಿ ಅದೇ ವಸ್ತು ‘ಮದ್ದು’. ಎರಡೂ ಮನೆಬಳಕೆಯ ಮಾತುಗಳು. ಅಡುಗೆಮನೆಯ ಎಣ್ಣೆಗೂ ಕಾಯಿಲೆಯ ಮದ್ದಿಗೂ ಯಾರೂ ಅಂಜುವುದಿಲ್ಲ. ವಿಷಕ್ಕೆ ಸಲ್ಲಬೇಕಾದ ಭಯ ಹೀಗೆ ಹೆಸರಿನಲ್ಲಿಯೇ ಕರಗಿಹೋಗಿದೆ.

ಕಬ್ಬು ನಾಟಿಯಾದ ಮೂರು ನಾಲ್ಕು ದಿನಗಳಲ್ಲಿ ಹಸಿ ನೆಲದ ಮೇಲೆ ಅಟ್ರಝಿನ್ ಸಿಂಪಡಿಸುವುದು ವಾಡಿಕೆ. ಬಳಿಕ ಅಗಲ ಎಲೆಯ ಕಳೆಗಳಿಗೆ 2,4-ಡಿ, ಕೊರೆಯುವ ಹುಳುಗಳಿಗೆ ಕ್ಲೋರ್‌ಪೈರಿಫಾಸ್. ಅಟ್ರಝಿನ್ ಮಣ್ಣಿನ ಕಣಗಳಿಗೆ ಬಿಗಿಯಾಗಿ ಅಂಟಿಕೊಳ್ಳುವ ವಸ್ತುವಲ್ಲ. ಹಾಯಿಸಿದ ನೀರಿನೊಡನೆ ಕೆಳಗಿಳಿಯುತ್ತದೆ. ಒಣಗಿದಾಗ ಬಾಯ್ದೆರೆಯುವ ಎರೆಮಣ್ಣಿನ ಬಿರುಕುಗಳು ಆ ದಾರಿಯನ್ನು ಇನ್ನಷ್ಟು ಸುಗಮಗೊಳಿಸುತ್ತವೆ. ಅಂತರ್ಜಲಕ್ಕೆ ಒದಗುವ ಈ ಅಪಾಯದಿಂದಾಗಿಯೇ ಐರೋಪ್ಯ ಒಕ್ಕೂಟ 2004ರಲ್ಲಿ ಅಟ್ರಝಿನ್‌ಗೆ ಮಾನ್ಯತೆ ನಿರಾಕರಿಸಿತು. ಯೂರಿಯಾದ ಸಾರಜನಕವೂ ನೈಟ್ರೇಟ್ ರೂಪದಲ್ಲಿ ಇದೇ ದಾರಿ ಹಿಡಿಯುತ್ತದೆ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ನೈಟ್ರೇಟ್ 45 ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕ. ಅದು ಬಹಳ ಹೆಚ್ಚಿದರೆ ಹಸುಗೂಸಿನ ರಕ್ತ ಆಮ್ಲಜನಕವನ್ನು ಹೊರುವ ಶಕ್ತಿ ಕಳೆದುಕೊಳ್ಳುತ್ತದೆ.

ಕ್ಲೋರ್‌ಪೈರಿಫಾಸ್‌ನ ಕೆಲಸ ಬೇರೆ ಬಗೆಯದು. ನರಗಳ ಸಂದೇಶವನ್ನು ಸಕಾಲದಲ್ಲಿ ನಿಲ್ಲಿಸುವ ಕೋಲಿನ್‌ಎಸ್ಟರೇಸ್ ಎಂಬ ಕಿಣ್ವವನ್ನು ಅದು ಕಟ್ಟಿಹಾಕುತ್ತದೆ. ಹುಳುವಿನಲ್ಲಿಯೂ ಮನುಷ್ಯನಲ್ಲಿಯೂ ಈ ಕಿಣ್ವ ಒಂದೇ ಕೆಲಸ ಮಾಡುತ್ತದೆ. ಬೆನ್ನಿಗೆ ಕಟ್ಟಿದ ಪಂಪು ಸೋರಿ ಅಂಗಿ ತೊಯ್ದರೆ ವಿಷ ಚರ್ಮದ ಮೂಲಕವೇ ಒಳಸೇರುತ್ತದೆ. ವಿಪರೀತ ಬೆವರು, ವಾಂತಿ, ತಲೆಸುತ್ತು, ಕಿರಿದಾದ ಕಣ್ಣಪಾಪೆ ಅದರ ಲಕ್ಷಣಗಳು. ಇಡೀ ದಿನ ಹೊಲದಲ್ಲಿ ದುಡಿದು ಬಂದ ಕೂಲಿಯಾಳಿನ ಬೆವರನ್ನೂ ತಲೆಸುತ್ತನ್ನೂ ಬಿಸಿಲಿನ ಪರಿಣಾಮವೆಂದು ತಿಳಿಯುವುದು ಸುಲಭ. ಹಾಗೆ ತಿಳಿದಲ್ಲಿ ಅದು ಯಾವ ದಾಖಲೆಗೂ ಸೇರುವುದಿಲ್ಲ. 2017ರಲ್ಲಿ ನೆರೆಯ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಕೀಟನಾಶಕ ಸಿಂಪಡಿಸುತ್ತಿದ್ದ 20ಕ್ಕೂ ಹೆಚ್ಚು ಮಂದಿ ಸತ್ತಾಗ ಮಾತ್ರ ದೇಶ ಅತ್ತ ತಿರುಗಿ ನೋಡಿತು.

ದಾಖಲೆಯಿಲ್ಲದ ಕಡೆ ನ್ಯಾಯ ಎಷ್ಟು ತಡವಾಗುತ್ತದೆ ಎಂಬುದಕ್ಕೆ ಕಾಸರಗೋಡಿಗಿಂತ ದೊಡ್ಡ ನಿದರ್ಶನ ಬೇಕಿಲ್ಲ. ಅಲ್ಲಿಯ ಗುಡ್ಡಗಳ ಗೇರುತೋಟಗಳ ಮೇಲೆ ಕೇರಳ ಪ್ಲಾಂಟೇಶನ್ ನಿಗಮವು 1970ರ ದಶಕದ ಕೊನೆಯ ಭಾಗದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಿತು. ಗುಡ್ಡದ ಮೇಲೆ ತೋಟ, ತಪ್ಪಲಲ್ಲಿ ಮನೆ, ಸುರಂಗ, ತೆರೆದ ಬಾವಿ, ತೋಡು. ವಿಷ ಇಳಿಯಲು ಬೇರೆ ದಾರಿಯೇ ಬೇಕಿರಲಿಲ್ಲ. ಎಣ್ಮಕಜೆಯ ಪಡ್ರೆಯಲ್ಲಿ ಕರುಗಳು ವಿಕಾರವಾಗಿ ಹುಟ್ಟಿದ ಸುದ್ದಿಯನ್ನು ಪತ್ರಕರ್ತ ಶ್ರೀಪಡ್ರೆ 1980ರ ಆಸುಪಾಸಿನಲ್ಲಿಯೇ ಬರೆದರು. ವಾಣಿನಗರದ ವೈದ್ಯ ಡಾ. ವೈ. ಎಸ್. ಮೋಹನ್ ಕುಮಾರ್ ಒಂದೇ ಊರಿನಲ್ಲಿ ಒಟ್ಟಾಗಿ ಕಂಡ ನರರೋಗ, ಬುದ್ಧಿಮಾಂದ್ಯ, ಅಂಗವೈಕಲ್ಯಗಳನ್ನು ಕುರಿತು ಎಚ್ಚರಿಸಿದರು. ಆದರೂ ಸಿಂಪಡಣೆ ನಿಲ್ಲಲು ಎರಡು ದಶಕ ಹಿಡಿಯಿತು.

ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಪಡ್ರೆಗೆ ಬಂದದ್ದು 2001ರಲ್ಲಿ, ಕೊನೆಯ ಸಿಂಪಡಣೆಯಾಗಿ ತಿಂಗಳುಗಳು ಕಳೆದ ಮೇಲೆ. ಆಗಲೂ ಶಾಲಾಮಕ್ಕಳ ರಕ್ತದಲ್ಲಿ ಎಂಡೋಸಲ್ಫಾನ್ ಉಳಿದಿತ್ತು. ಅವರು ಅಲ್ಲಿಯ 117 ಬಾಲಕರನ್ನು ವಿಷ ತಾಗದ ಊರಿನ 90 ಬಾಲಕರೊಡನೆ ಹೋಲಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನವು, ಪಡ್ರೆಯ ಬಾಲಕರ ಲೈಂಗಿಕ ಬೆಳವಣಿಗೆ ತಡವಾಗಿರಬಹುದೆಂದು ಸೂಚಿಸಿತು. 2011ರ ಫೆಬ್ರುವರಿಯಲ್ಲಿ ಕರ್ನಾಟಕ, ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಎಂಡೋಸಲ್ಫಾನನ್ನು ನಿಷೇಧಿಸಿದವು. ಬಾಧಿತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು ಕೇರಳಕ್ಕೆ ಆದೇಶಿಸಿದ್ದು 2017ರಲ್ಲಿ. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆಗಳ ಗೇರುತೋಟಗಳ ಸುತ್ತಲಿನವರ ಕಥೆಯೂ ಬೇರೆಯಲ್ಲ.

ಕಾಸರಗೋಡಿನಲ್ಲಿ ವಿಷ ಒಂದೇ ಆಗಿತ್ತು, ಸುರಿಸಿದವರು ಒಬ್ಬರೇ ಆಗಿದ್ದರು, ಹೆಲಿಕಾಪ್ಟರು ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಅಷ್ಟಿದ್ದೂ ರುಜುವಾತಿನ ಹೊಣೆ ಹಾಸಿಗೆ ಹಿಡಿದವರ ಮೇಲೆಯೇ ಬಿತ್ತು. ಕಬ್ಬಿನ ಸೀಮೆಯಲ್ಲಿ ವಿಷಗಳು ಹತ್ತಾರು, ಹೊಡೆಯುವವರು ಸಾವಿರಾರು. ಅಲ್ಲಿಯ ಕೂಲಿಯಾಳು ಯಾವ ಡಬ್ಬಿಯಿಂದ ತನಗೆ ಕೇಡಾಯಿತೆಂದು ಯಾರ ಮುಂದೆ ರುಜುವಾತು ಮಾಡಬೇಕು?

ನಿಷೇಧವೊಂದನ್ನೇ ನಂಬಿ ಕೂರುವಂತೆಯೂ ಇಲ್ಲ. 2020ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ 27 ಕೃಷಿವಿಷಗಳನ್ನು ನಿಷೇಧಿಸುವ ಕರಡು ಹೊರಡಿಸಿದಾಗ ಅಟ್ರಝಿನ್, 2,4-ಡಿ, ಕ್ಲೋರ್‌ಪೈರಿಫಾಸ್ ಮೂರೂ ಆ ಪಟ್ಟಿಯಲ್ಲಿದ್ದವು. 2023ರ ಅಂತಿಮ ಆದೇಶದ ನಿಷೇಧದಿಂದ ಮೂರೂ ಪಾರಾದವು. 2025ರಲ್ಲಿ ಸ್ಟಾಕ್‌ಹೋಮ್ ಒಡಂಬಡಿಕೆಯು ಕೆಲವು ವಿನಾಯಿತಿಗಳೊಡನೆ ಕ್ಲೋರ್‌ಪೈರಿಫಾಸನ್ನು ತನ್ನ ನಿರ್ಮೂಲನ ಪಟ್ಟಿಗೆ ಸೇರಿಸಿತು.

ಹಾಗಿದ್ದರೆ ಊರ ಮಟ್ಟದಲ್ಲಿ ಆಗಬೇಕಾದುದೇನು? ಹೊಸ ಕಾನೂನು ಬೇಕಿಲ್ಲ. 1968ರ ಕೀಟನಾಶಕ ಕಾಯ್ದೆಯ 26ನೇ ಕಲಮಿನಂತೆ, ಕೀಟನಾಶಕದಿಂದಾದ ಪ್ರತಿಯೊಂದು ವಿಷಬಾಧೆಯನ್ನು ವರದಿ ಮಾಡಬೇಕೆಂದು ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಬಹುದು. 1971ರ ನಿಯಮಗಳು ಸಿಂಪಡಣೆಯ ಕೆಲಸಕ್ಕೆ ನೇಮಕವಾದವರಿಗೆ ವೈದ್ಯಕೀಯ ತಪಾಸಣೆಯನ್ನು ವಿಧಿಸುತ್ತವೆ. ಇವು ಪುಸ್ತಕದಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಇಳಿಯಬೇಕು. ಯಾವ ಹಂಗಾಮಿನಲ್ಲಿ ಯಾವ ವಿಷ ಎಷ್ಟು ಮಾರಾಟವಾಯಿತೆಂಬ ಪಟ್ಟಿ ಸ್ಥಳೀಯ ಪಂಚಾಯಿತಿಯಲ್ಲಿ ಇರಬೇಕು. ಆರೋಗ್ಯ ಕೇಂದ್ರದ ರೋಗಿಗಳ ಪಟ್ಟಿಯನ್ನೂ ಕುಡಿಯುವ ನೀರಿನ ಪರೀಕ್ಷೆಯ ಫಲಿತಾಂಶವನ್ನೂ ಅದರ ಪಕ್ಕದಲ್ಲಿಟ್ಟು ನೋಡುವ ಹಕ್ಕು ಊರವರಿಗೆ ಇರಬೇಕು.

ಕಳೆ ಕೀಳಲು ಆಳು ಸಿಗುವುದಿಲ್ಲ, ಕಳೆನಾಶಕವಿಲ್ಲದೆ ಕಬ್ಬು ಬೆಳೆಯಲಾಗದು ಎಂಬ ರೈತರ ಮಾತು ಸುಳ್ಳಲ್ಲ. ಆದರೆ ಕಟಾವಿನ ನಂತರ ಬೆಂಕಿಯಿಡುವ ರವದಿಯನ್ನೇ ಸಾಲುಗಳ ನಡುವೆ ಹೊದಿಸಿದರೆ ಕಳೆ ತಗ್ಗುತ್ತದೆ, ತೇವ ಉಳಿಯುತ್ತದೆ, ಹೊಗೆಯೂ ತಪ್ಪುತ್ತದೆ. ಕೊರೆಯುವ ಹುಳುವಿನ ಮೊಟ್ಟೆಗಳನ್ನು ನಾಶಮಾಡಲು ಟ್ರೈಕೋಗ್ರಾಮ ಪರತಂತ್ರ ಜೀವಿಯ ಕಾರ್ಡುಗಳಿವೆ. ಅವು ವಿಷದ ಅಂಗಡಿಯಷ್ಟೇ ಸುಲಭವಾಗಿ ರೈತನ ಕೈಗೆ ಸಿಗುವಂತೆ ಮಾಡುವುದು ಕೃಷಿ ಇಲಾಖೆಯ ಮತ್ತು ಕಬ್ಬು ಕೊಳ್ಳುವ ಕಾರ್ಖಾನೆಗಳ ಹೊಣೆ.

ಅಡಿಕೆ, ಕಾಫಿ, ಏಲಕ್ಕಿಗಳಿಗೆ ‘ಮದ್ದು’ ಬಿಡುವ ಮಲೆನಾಡಿಗೂ ಇದೇ ಮಾತು ಸಲ್ಲುತ್ತದೆ. ಗುಡ್ಡದ ನೀರು ಕೆಳಗಿನವರ ಬಾವಿಗೇ ಇಳಿಯುವುದು. ಪಡ್ರೆಯಲ್ಲಿ ಮೊದಲ ಕರುಗಳು ವಿಕಾರವಾಗಿ ಹುಟ್ಟಿದಾಗ ಯಾವುದಾದರೊಂದು ಕಚೇರಿ ಅದನ್ನು ಬರೆದಿಟ್ಟು ವಿಚಾರಿಸಿದ್ದರೆ, ಆ ಬಳಿಕದ ಎರಡು ದಶಕಗಳಲ್ಲಿ ಹುಟ್ಟಿದ ಎಷ್ಟೋ ಮಕ್ಕಳು ಇಂದು ನಡೆದಾಡುತ್ತಿದ್ದರು. ಬೆಳಗಲಿಯ ಹೊಲದಿಂದ ವಾಂತಿ ಮಾಡಿಕೊಂಡು ಬರುವ ಆಳಿನ ಹೆಸರನ್ನು ಬರೆದಿಡಲು ಒಂದು ಪುಸ್ತಕ, ಒಂದು ಲೇಖನಿ ಸಾಕು.