ಇಪ್ಪತ್ತಕ್ಕೆ ಓಡಿಸುವವರು ಹತ್ತಕ್ಕೆ ಯಾಕೆ ಓಡಿಸಲಿಲ್ಲ?

ಕೊಪ್ಪಳ ಜಿಲ್ಲೆಯ ಸರ್ಕಾರಿ ಶಾಲೆಯಲ್ಲಿ ಓದಿದ ಹುಡುಗನೊಬ್ಬ ಎಷ್ಟು ಬೇಗ ಓಡುತ್ತಾನೆ ಎಂಬುದನ್ನು ಸರ್ಕಾರ ಗಂಭೀರವಾಗಿ ಅಳೆಯುವುದು ಯಾವಾಗ? ಬಹುಮಟ್ಟಿಗೆ ಅವನಿಗೆ ಹತ್ತೊಂಬತ್ತೋ ಇಪ್ಪತ್ತೋ ತುಂಬಿದ ಮೇಲೆ, ಎದೆಗೆ ನಂಬರ್ ಹಚ್ಚಿಕೊಂಡು ಪೊಲೀಸ್ ಮೈದಾನದಲ್ಲಿ ನಿಂತಾಗ. ಕಾನ್‌ಸ್ಟೆಬಲ್ ಆಗಬೇಕೆಂದರೆ ಪುರುಷರು 1600 ಮೀಟರ್ ದೂರವನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಬೇಕು. ಮಹಿಳೆಯರಿಗೆ 400 ಮೀಟರ್, 2 ನಿಮಿಷ. ರೈಲ್ವೆ ಗ್ರೂಪ್ ‘ಡಿ’ ಹುದ್ದೆಯಾದರೆ ಹುಡುಗರು 35 ಕೆ.ಜಿ. ಭಾರ ಹೊತ್ತು 100 ಮೀಟರ್ ಸಾಗಬೇಕು, ಆಮೇಲೆ 1000 ಮೀಟರ್ ಅನ್ನು 4 ನಿಮಿಷ 15 ಸೆಕೆಂಡಿನಲ್ಲಿ ಮುಗಿಸಬೇಕು. ಪವರ್‌ಮ್ಯಾನ್ ಆಗುವವರು 8 ಮೀಟರಿನ ವಿದ್ಯುತ್ ಕಂಬ ಹತ್ತಲೇಬೇಕು. 100 ಮೀಟರ್ ಅನ್ನು 14 ಸೆಕೆಂಡಿನಲ್ಲಿ ಓಡುವುದು, ನಿಮಿಷಕ್ಕೆ 50 ಸಲ ಹಗ್ಗ ಜಿಗಿಯುವುದು, ಗುಂಡು ಎಸೆಯುವುದು, 800 ಮೀಟರ್ ಓಟ ಇವೆಲ್ಲ ಅದರ ಜತೆಗೆ.

ಅಂಕಪಟ್ಟಿಯಲ್ಲಿ ನಮಗೆ 371 (ಜೆ) ಮೀಸಲಾತಿ ಇದೆ. ಆದರೆ ಕಲ್ಯಾಣ ಕರ್ನಾಟಕದವರು ಬಂದರೆಂದು ಸ್ಟಾಪ್‌ವಾಚ್ ನಿಧಾನ ಆಗುವುದಿಲ್ಲ. ಯಲಬುರ್ಗಾ ಕಡೆಯ ನನ್ನ ಗೆಳೆಯನೊಬ್ಬ ಲಿಖಿತ ಪರೀಕ್ಷೆಯಲ್ಲಿ ಚೆನ್ನಾಗಿ ಅಂಕ ತೆಗೆದಿದ್ದ. ಓಟದ ನಾಲ್ಕನೇ ಸುತ್ತಿನಲ್ಲಿ ಮೀನಖಂಡ ಹಿಡಿದುಕೊಂಡು ಕುಳಿತುಬಿಟ್ಟ. ಅಷ್ಟು ವರ್ಷ ಶಾಲೆ, ಕಾಲೇಜು ಓದಿದವನು ಟೈಮ್ ನೋಡಿಕೊಂಡು ಓಡಿದ್ದು ಆ ಮೂರು ತಿಂಗಳು ಮಾತ್ರ. ಬೆಳಗಿನ ಐದಕ್ಕೆ ಕೊಪ್ಪಳದ ಜಿಲ್ಲಾ ಕ್ರೀಡಾಂಗಣದಲ್ಲೋ ಗಂಗಾವತಿಯ ಮೈದಾನದಲ್ಲೋ ಓಡುವ ಉದ್ಯೋಗಾಕಾಂಕ್ಷಿಗಳನ್ನು ಕೇಳಿ ನೋಡಿ, ಬಹಳಷ್ಟು ಜನರ ಕಥೆ ಇದೇ.

ಇದು ಬರೀ ನೌಕರಿ ಕೈತಪ್ಪುವ ಮಾತಲ್ಲ. 2024ರ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಜಾರ್ಖಂಡ್‌ನ ಅಬಕಾರಿ ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ 10 ಕಿಲೊಮೀಟರ್ ಓಡಿಸಿದಾಗ ಹತ್ತಕ್ಕೂ ಹೆಚ್ಚು ಅಭ್ಯರ್ಥಿಗಳು ಸತ್ತರು. ಬಿಸಿಲು, ರಾತ್ರಿಯಿಡೀ ಸಾಲಿನಲ್ಲಿ ನಿಂತದ್ದು, ಮಾತ್ರೆ ನುಂಗಿದ್ದು ಎಂದು ಕಾರಣಗಳನ್ನು ಹೇಳಿದರು. ವರ್ಷಗಟ್ಟಲೆ ತಯಾರಾಗಬೇಕಾದ ದೇಹವನ್ನು ಒಂದೇ ದಿನಕ್ಕೆ ಕರೆದುತಂದು ನಿಲ್ಲಿಸಿದರೆ ಏನಾಗಬಹುದು ಎಂಬುದಕ್ಕೆ ಅದಕ್ಕಿಂತ ಕೆಟ್ಟ ಉದಾಹರಣೆ ಬೇಡ.

ಹಾಗಾದರೆ ಶಾಲೆಯಲ್ಲಿ ಪರೀಕ್ಷೆಯೇ ಇಲ್ಲವೇ? ಇದೆ. ಕಾಗದದ ಮೇಲೆ ಚೆನ್ನಾಗಿಯೇ ಇದೆ. 2019ರ ಆಗಸ್ಟ್ 29ರಂದು, ಧ್ಯಾನ್‌ಚಂದ್ ಹುಟ್ಟಿದ ದಿನ, ‘ಫಿಟ್ ಇಂಡಿಯಾ’ ಆಂದೋಲನ ಶುರುವಾಯಿತು. ಶಾಲಾ ಮಕ್ಕಳ ದೈಹಿಕ ಸಾಮರ್ಥ್ಯ ಅಳೆಯಲು ಖೇಲೋ ಇಂಡಿಯಾದ ಆ್ಯಪ್ ಬಂತು. ಒಂದರಿಂದ ಮೂರನೇ ತರಗತಿಯವರಿಗೆ ಎತ್ತರ–ತೂಕ, ಒಂಟಿ ಕಾಲಿನಲ್ಲಿ ನಿಲ್ಲುವುದು, ಎರಡು ತಟ್ಟೆಗಳನ್ನು ಕೈಯಿಂದ ಬೇಗ ಬೇಗ ಮುಟ್ಟುವುದು. ನಾಲ್ಕನೇ ತರಗತಿಯಿಂದ ಮೇಲೆ 50 ಮೀಟರ್ ಓಟ, 600 ಮೀಟರ್ ಓಟ ಅಥವಾ ನಡಿಗೆ, ಕುಳಿತು ಮುಂದಕ್ಕೆ ಬಾಗುವುದು, ಹೊಟ್ಟೆಯ ಬಲಕ್ಕೆ ಅರ್ಧ ಏಳುವ ವ್ಯಾಯಾಮ, ಪುಷ್‌ಅಪ್. ಯಾವುದಕ್ಕೂ ದುಬಾರಿ ಸಾಮಾನು ಬೇಕಿಲ್ಲ.

ಇದರಲ್ಲಿ ನನಗೆ ಮುಖ್ಯ ಅನಿಸುವುದು 600 ಮೀಟರ್. ಸಣ್ಣ ಲೆಕ್ಕ ಮಾಡಿ ನೋಡಿ. 1600 ಮೀಟರ್ ಅನ್ನು ಆರೂವರೆ ನಿಮಿಷದಲ್ಲಿ ಓಡುವ ವೇಗದಲ್ಲೇ ಹೋದರೆ 600 ಮೀಟರ್‌ಗೆ ಹಿಡಿಯುವುದು ಸುಮಾರು 2 ನಿಮಿಷ 26 ಸೆಕೆಂಡು. ಅಂದರೆ ಎಂಟನೇ ತರಗತಿಯ ಹುಡುಗನ 600 ಮೀಟರಿನ ಟೈಮ್ ಅವನ ಮುಂದಿನ ದಾರಿಯನ್ನು ಆರೇಳು ವರ್ಷ ಮೊದಲೇ ತೋರಿಸುತ್ತದೆ. ಅವನು ಮೂರೂಮುಕ್ಕಾಲು ನಿಮಿಷ ತೆಗೆದುಕೊಂಡರೆ ಗಾಬರಿ ಬೇಡ, ಸುಧಾರಿಸಲು ಬೇಕಾದಷ್ಟು ಸಮಯ ಇದೆ. ಇಪ್ಪತ್ತನೇ ವಯಸ್ಸಿನಲ್ಲಿ ಅದೇ ಸುದ್ದಿ ಗೊತ್ತಾದರೆ ಅಷ್ಟು ಸಮಯ ಇರುವುದಿಲ್ಲ.

ಆದರೆ ಟೈಮ್ ಬರೆದುಕೊಂಡ ಮೇಲೆ ಏನು? ಎಂಜಿನಿಯರಿಂಗ್‌ನಲ್ಲಿ ನಮಗೆ ಕಂಟ್ರೋಲ್ ಸಿಸ್ಟಮ್ ಎಂಬ ವಿಷಯ ಇದೆ. ಸೆನ್ಸರ್ ಕೊಟ್ಟ ಸಂಖ್ಯೆ ತಿರುಗಿ ಯಂತ್ರಕ್ಕೆ ತಲುಪಿ, ಯಂತ್ರ ತನ್ನ ನಡೆ ಬದಲಿಸಿದರೆ ಮಾತ್ರ ಆ ಸೆನ್ಸರ್‌ಗೆ ಅರ್ಥ. ಶಾಲೆಯ ಫಿಟ್‌ನೆಸ್ ಪರೀಕ್ಷೆಯಲ್ಲಿ ಸಂಖ್ಯೆ ಮೇಲಕ್ಕೆ ಹೋಗುತ್ತದೆ, ಕೆಳಗೆ ಬರುವುದಿಲ್ಲ. ಶಾಲೆಗಳು ‘ಫಿಟ್ ಇಂಡಿಯಾ’ ಧ್ವಜ, ತ್ರೀ ಸ್ಟಾರ್, ಫೈವ್ ಸ್ಟಾರ್ ಎಂದು ಆನ್‌ಲೈನ್‌ನಲ್ಲಿ ತಾವೇ ಘೋಷಿಸಿಕೊಂಡು ಪ್ರಮಾಣಪತ್ರ ಪಡೆಯಬಹುದು. ಮಗುವಿನ ಕೈಗಾಗಲಿ ಅಪ್ಪ–ಅವ್ವನ ಕೈಗಾಗಲಿ ಏನೂ ಸಿಗದಿದ್ದರೆ ಅದನ್ನು ಪರೀಕ್ಷೆ ಎನ್ನುವ ಬದಲು ಡೇಟಾ ಎಂಟ್ರಿ ಎಂದರೆ ಸರಿ.

ಇನ್ನು ಬಿಎಂಐ. ದೊಡ್ಡ ನಗರಗಳ ಖಾಸಗಿ ಶಾಲೆಯಲ್ಲಿ ಬಿಎಂಐ ನೋಡುವುದು ಮಗು ದಪ್ಪ ಆಯಿತೇ ಎಂದು. ಕುಷ್ಟಗಿ, ಯಲಬುರ್ಗಾದ ಹಳ್ಳಿ ಶಾಲೆಯಲ್ಲಿ ಅದೇ ಸಂಖ್ಯೆ ಬೇರೆ ಪ್ರಶ್ನೆ ಕೇಳುತ್ತದೆ: ಈ ಮಗು ಬೆಳಿಗ್ಗೆ ಉಂಡು ಬಂದಿದೆಯೇ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ–5ರ ಪ್ರಕಾರ ರಾಜ್ಯದಲ್ಲಿ ಐದು ವರ್ಷದೊಳಗಿನ ಶೇ 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಆ ಸಮೀಕ್ಷೆ ನಡೆದು ಕೆಲವು ವರ್ಷಗಳಾದವು. ಅಂದಿನ ಆ ಮಕ್ಕಳೇ ಇಂದು ಪ್ರಾಥಮಿಕ ಶಾಲೆಯ ಬೆಂಚಿನ ಮೇಲಿದ್ದಾರೆ. ಖಾಲಿ ಹೊಟ್ಟೆಯ ಮಗುವನ್ನು 600 ಮೀಟರ್ ಓಡಿಸಿ ‘ಸಾಮರ್ಥ್ಯ ಕಡಿಮೆ’ ಎಂದು ಬರೆಯುವುದು ಅನ್ಯಾಯ.

ಈ ಮಾತನ್ನು ನಮ್ಮ ಜಿಲ್ಲೆಯ ಮಕ್ಕಳು ನಮಗಿಂತ ಮೊದಲೇ ಹೇಳಿದ್ದಾರೆ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜತೆ ಮೊಟ್ಟೆ ಕೊಡಲು ಶುರುವಾದಾಗ ವಿರೋಧ ಎದ್ದಿತ್ತು. ಆಗ ಗಂಗಾವತಿಯ ವಿದ್ಯಾರ್ಥಿನಿಯೊಬ್ಬಳು ನಮಗೆ ಮೊಟ್ಟೆ ಬೇಕೇ ಬೇಕು ಎಂದು ಖಡಕ್ಕಾಗಿ ಮಾತನಾಡಿದ ವಿಡಿಯೊ ರಾಜ್ಯದಾದ್ಯಂತ ಹರಿದಾಡಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಇದ್ದೇ ಇತ್ತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ಅದು ವಾರಕ್ಕೆ ಆರು ದಿನಕ್ಕೆ ಏರಿತು. ಹಾಲು 2013ರಿಂದಲೇ ಇದೆ. ತಾಟಿನ ಲೆಕ್ಕ ಸ್ವಲ್ಪವಾದರೂ ಸುಧಾರಿಸಿದೆ. ಮೈದಾನದ ಲೆಕ್ಕ ಮಾತ್ರ ಅಲ್ಲೇ ನಿಂತಿದೆ.

‘ಹಳ್ಳಿ ಹುಡುಗರಿಗೆ ಎಂಥಾ ವ್ಯಾಯಾಮ? ಹೊಲದಾಗ ದುಡಿತಾವಲ್ಲ, ಅದಕ್ಕಿಂತ ಬೇಕೇನು?’ ಎಂಬ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ನಾನು ಒಪ್ಪುವುದಿಲ್ಲ. ದಿನವಿಡೀ ಬಗ್ಗಿ ಕಳೆ ಕೀಳುವುದು, ಕೊಡ ಹೊರುವುದು ದೇಹವನ್ನು ದಣಿಸುತ್ತದೆ, ಎಲ್ಲ ಕಡೆಯಿಂದ ಸಮನಾಗಿ ಬೆಳೆಸುವುದಿಲ್ಲ. ಓಡುವಾಗ ಎದೆಬಡಿತ ಏರುತ್ತದೆ, ಉಸಿರು ತುಂಬುತ್ತದೆ, ಆಮೇಲೆ ವಿಶ್ರಾಂತಿ ಇರುತ್ತದೆ. ದುಡಿಮೆಯಲ್ಲಿ ವಿಶ್ರಾಂತಿ ಮಗುವಿನ ಕೈಯಲ್ಲಿ ಇರುವುದಿಲ್ಲ. ಹೆಣ್ಣುಮಕ್ಕಳ ಪಾಡು ಇನ್ನೂ ಬೇರೆ. ಮನೆಗೆಲಸ ಹೆಚ್ಚು, ಆಟ ಕಡಿಮೆ. ಹೈಸ್ಕೂಲಿಗೆ ಬಂದ ಮೇಲೆ ಚೂಡಿದಾರ್, ವೇಲು, ಸರ್ಕಾರ ಕೊಟ್ಟ ಕಪ್ಪು ಶೂ ಹಾಕಿಕೊಂಡು ಓಡಿದರೆ ನೋಡಿ ನಗುವವರೇ ಹೆಚ್ಚು. ಅದೇ ಹುಡುಗಿ ಮುಂದೆ 2 ನಿಮಿಷದಲ್ಲಿ 400 ಮೀಟರ್ ಮುಗಿಸಬೇಕು. ಗುಳೆ ಹೋಗುವ ಮನೆಗಳ ಮಕ್ಕಳಂತೂ ವರ್ಷದಲ್ಲಿ ಕೆಲವು ತಿಂಗಳು ಯಾವ ಶಾಲೆಯ ಪಟ್ಟಿಯಲ್ಲೂ ಕೈಗೆ ಸಿಗುವುದಿಲ್ಲ.

ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಬಂತು. ಅದರ ಅನುಸೂಚಿಯಲ್ಲಿ ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕು ಎಂದಿದೆ. ಆರರಿಂದ ಎಂಟನೇ ತರಗತಿಯಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಬೇಕು ಎಂದೂ ಇದೆ. ನೂರೊಂದನೇ ಮಗು ಇಲ್ಲದ ಶಾಲೆಯ ಮಕ್ಕಳಿಗೆ ಕಾಲು ಇಲ್ಲವೇ ಎಂದು ಕೇಳಬೇಕಾಗುತ್ತದೆ. ನಮ್ಮ ತಾಲ್ಲೂಕುಗಳ ಅನೇಕ ಹಳ್ಳಿ ಶಾಲೆಗಳು ಆ ಗಾತ್ರದವೇ ಅಲ್ಲ. ಇರುವ ದೈಹಿಕ ಶಿಕ್ಷಣ ಶಿಕ್ಷಕರೂ ವೈದ್ಯನಾಥನ್ ವರದಿ ಜಾರಿ ಮಾಡಿ, ನಮ್ಮನ್ನೂ ಉಳಿದ ಶಿಕ್ಷಕರಂತೆ ನೋಡಿ ಎಂದು ವರ್ಷಗಳಿಂದ ಕೇಳುತ್ತಲೇ ಇದ್ದಾರೆ. ಇದರ ಮೇಲೆ ಎಸ್ಸೆಸ್ಸೆಲ್ಸಿ ಫಲಿತಾಂಶದ ಒತ್ತಡ. ಪಟ್ಟಿಯಲ್ಲಿ ನಮ್ಮ ಭಾಗದ ಜಿಲ್ಲೆಗಳು ಕೆಳಗೆ ಬಂದಾಗಲೆಲ್ಲ ವಿಶೇಷ ತರಗತಿಗೆ ಮೊದಲು ಬಲಿ ಆಗುವುದು ಆಟದ ಪೀರಿಯಡ್ಡು. ನಾನು ಹತ್ತನೇ ತರಗತಿಯಲ್ಲಿದ್ದಾಗ ವೇಳಾಪಟ್ಟಿಯಲ್ಲಿ ‘ಪಿ.ಇ.’ ಎಂದು ಬರೆದ ಕಡೆಯೆಲ್ಲ ಗಣಿತ ನಡೆಯುತ್ತಿತ್ತು. ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ದೇಹ ಚಟುವಟಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮಗೆ ವಾರಕ್ಕೆ ಅಷ್ಟು ಸಿಕ್ಕರೂ ಹಬ್ಬ.

ಪರೀಕ್ಷೆ ಮಾಡಿ ಕೈತೊಳೆದುಕೊಳ್ಳುವ ಚಾಳಿ ನಮ್ಮದಷ್ಟೇ ಅಲ್ಲ. 1950ರ ದಶಕದಲ್ಲಿ ನಡೆದ ಒಂದು ಪರೀಕ್ಷೆಯಲ್ಲಿ ಅಮೆರಿಕದ ಅರ್ಧಕ್ಕೂ ಹೆಚ್ಚು ಮಕ್ಕಳು ಫೇಲಾದರು, ಯುರೋಪಿನ ಮಕ್ಕಳಲ್ಲಿ ಹತ್ತರಲ್ಲಿ ಒಬ್ಬರೂ ಫೇಲಾಗಲಿಲ್ಲ. ಗಾಬರಿಯಾದ ಅಧ್ಯಕ್ಷ ಐಸೆನ್‌ಹೋವರ್ 1956ರಲ್ಲಿ ಒಂದು ಮಂಡಳಿಯನ್ನೇ ರಚಿಸಿದರು. ಮುಂದೆ ಬಂದ ಅಧ್ಯಕ್ಷರ ಹೆಸರಿನ ಫಿಟ್‌ನೆಸ್ ಪರೀಕ್ಷೆಯಲ್ಲಿ ಮೇಲಿನವರಿಗೆ ಬಹುಮಾನ, ಉಳಿದವರಿಗೆ ಎಲ್ಲರೆದುರು ಅವಮಾನ ಎಂಬ ಟೀಕೆ ಬಲವಾಗಿ, ಒಬಾಮ ಕಾಲದಲ್ಲಿ ಅದನ್ನು ಕೈಬಿಟ್ಟರು. 2025ರ ಜುಲೈ 31ರಂದು ಟ್ರಂಪ್ ಸಹಿ ಹಾಕಿ ಮತ್ತೆ ತಂದಿದ್ದಾರೆ. ಅಷ್ಟು ದಶಕ ಪರೀಕ್ಷೆ ನಡೆದರೂ ಅಲ್ಲಿ ಮಕ್ಕಳ ಬೊಜ್ಜು ಏರುತ್ತಲೇ ಹೋಯಿತು ಎಂಬುದನ್ನು ಮಾತ್ರ ಮರೆಯಬಾರದು.

ಕೊಪ್ಪಳಕ್ಕೆ ಇನ್ನೊಂದು ತೊಡಕೂ ಇದೆ. ಗಿಣಿಗೇರಾ, ಹಿರೇಬಗನಾಳ, ಅಲ್ಲಾನಗರದ ಸುತ್ತ ಕಾರ್ಖಾನೆಗಳ ಕಪ್ಪು ದೂಳು ಮನೆಯ ಮಾಳಿಗೆ ಮೇಲೂ ಹೊಲದ ಬೆಳೆ ಮೇಲೂ ಕೂರುತ್ತದೆ ಎಂದು ಜನ ಹೇಳುತ್ತಲೇ ಬಂದಿದ್ದಾರೆ. 2025ರ ಫೆಬ್ರುವರಿ 24ರಂದು ಗವಿಮಠದ ಸ್ವಾಮೀಜಿಯವರ ನೇತೃತ್ವದಲ್ಲಿ ಊರಿಗೆ ಊರೇ ಬೀದಿಗೆ ಇಳಿದದ್ದು, ಇನ್ನೊಂದು ದೊಡ್ಡ ಉಕ್ಕಿನ ಕಾರ್ಖಾನೆ ಬೇಡ ಎಂದು. ಓಡುವಾಗ ಮಗು ಕುಳಿತಾಗಿನದಕ್ಕಿಂತ ಹಲವು ಪಟ್ಟು ಹೆಚ್ಚು ಗಾಳಿ ಎಳೆದುಕೊಳ್ಳುತ್ತದೆ. ಈ ಹಳ್ಳಿಗಳ ಶಾಲೆಯಲ್ಲಿ 600 ಮೀಟರಿನ ಟೈಮ್ ಬರೆಯುವ ಪುಸ್ತಕದ ಪಕ್ಕದಲ್ಲೇ ಕೆಮ್ಮಿನ ಲೆಕ್ಕ ಬರೆಯುವ ಪುಸ್ತಕವೂ ಇರಬೇಕು. ಗಾಳಿಯ ಬಗ್ಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಸಿಗಲಾರದು.

ಮಾಡಬೇಕಾದದ್ದು ಬಹಳ ದೊಡ್ಡದೇನಲ್ಲ. ಜೂನ್‌ನಲ್ಲಿ ಒಮ್ಮೆ, ಜನವರಿಯಲ್ಲಿ ಒಮ್ಮೆ ಅಳೆಯಲಿ. ಪಕ್ಕದ ಮಗುವಿನ ಜತೆ ಹೋಲಿಕೆ ಬೇಡ, ಅದೇ ಮಗುವಿನ ಜೂನ್ ಟೈಮ್ ಜತೆ ಜನವರಿ ಟೈಮ್ ಇಟ್ಟು ನೋಡಿದರೆ ಸಾಕು. ಸಂಖ್ಯೆ ಅಂಕಪಟ್ಟಿಯಲ್ಲಿ ಮನೆಗೆ ಹೋಗಲಿ, ಎಸ್‌ಡಿಎಂಸಿ ಸಭೆಯಲ್ಲಿ ಓದಲಿ. ಆಟದ ಪೀರಿಯಡ್ಡು ಮಧ್ಯಾಹ್ನದ ಸುಡುಬಿಸಿಲಿಗೆ ಬದಲು ಬೆಳಿಗ್ಗೆ ಮೊದಲನೆಯದಾಗಲಿ. ತೂಕ ಕಡಿಮೆ ಇರುವ ಮಗುವನ್ನು ಓಡಿಸುವ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಲಿ. ಕಬಡ್ಡಿ, ಖೊಖೊ ನಮ್ಮ ಊರಿನ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ, ಅಂಗಳ ಬಿಟ್ಟುಕೊಟ್ಟರೆ ಆಯಿತು.

ಅಳತೆಗೆ ಬೇಕಾದದ್ದು ಒಂದು ಟೇಪು, ಒಂದು ಪುಟ್ಟಿ ಸುಣ್ಣ, ಮೊಬೈಲಿನ ಸ್ಟಾಪ್‌ವಾಚ್. ದಿನಾ ಬೆಳಿಗ್ಗೆ 1600 ಮೀಟರ್ ಓಡುವ ನಾವು ಶನಿವಾರ ನಮ್ಮೂರಿನ ಶಾಲೆಯ ಮುಖ್ಯ ಗುರುಗಳನ್ನು ಕೇಳಿ ಆ ಸುಣ್ಣದ ಗೆರೆ ಎಳೆದುಕೊಡಬಹುದು, ಮಕ್ಕಳ ಜತೆ ಒಂದು ಸುತ್ತು ಓಡಬಹುದು. ಆದರೆ ವಾರದ ಉಳಿದ ಐದು ದಿನ ಅವರನ್ನು ಓಡಿಸಲು ಶಿಕ್ಷಕರೇ ಬೇಕು. ಬಿ.ಪಿ.ಇಡಿ. ಮುಗಿಸಿ ಕೆಲಸ ಹುಡುಕುತ್ತಿರುವವರು ಏಳೂ ತಾಲ್ಲೂಕಿನಲ್ಲಿ ಇದ್ದಾರೆ, ಮತ್ತು ನೂರಕ್ಕಿಂತ ಕಡಿಮೆ ಮಕ್ಕಳಿರುವ ಮೂರ್ನಾಲ್ಕು ಅಕ್ಕಪಕ್ಕದ ಶಾಲೆಗಳಿಗೆ ಸೇರಿಸಿ ಒಬ್ಬರನ್ನು ಕೊಡಲು ಯಾವ ಕಾಯ್ದೆಯೂ ಅಡ್ಡ ಬರುವುದಿಲ್ಲ.